ಅಳತೆಗಂಬ

ದ್ರಾವಾ ನದಿಯ ಏರಿಯ ಕೆಳಗೆ, ದೋಣಿ ಕಟ್ಟುವಲ್ಲಿ,
ನೀರೊಳಗೆ ನೆಟ್ಟ ಓಕ್ ಮರದ ಕಂಬ. ಮೈತುಂಬ ಅಂಕಿ.
ಬೆಳಿಗ್ಗೆ ಏಳಕ್ಕೆ ನನ್ನ ಚಿಕ್ಕಮ್ಮ ಯೆಲ್ಕಾ
ಗಂಡನ ಹಳೇ ಬೂಟು ಮೆಟ್ಟಿ ಕೆಸರಿಗಿಳಿದು
ಕಣ್ಣು ಕಿರಿದು ಮಾಡಿ ಓದಿ, ಅಂಗೈಯಲ್ಲಿ ಬರೆದುಕೊಂಡು
ಮನೆಗೆ ಬಂದು ಪುಸ್ತಕಕ್ಕೆ ಇಳಿಸುತ್ತಿದ್ದಳು:
ಇನ್ನೂರ ಹನ್ನೊಂದು. ಮಂಜು. ಗಾಳಿಯಿಲ್ಲ.
ಇನ್ನೂರ ಹದಿನಾಲ್ಕು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ.
ಕೊನೆಯದು ಇಲಾಖೆ ಕೇಳಿದ್ದಲ್ಲ.
ಮೂವತ್ತೊಂದು ವರ್ಷ. ಸಂಬಳ ಅಷ್ಟಕ್ಕಷ್ಟೆ.
ಹೆರಿಗೆಯ ದಿನವೂ ಬರೆದಿದ್ದಾಳೆ, ಅಕ್ಷರ ಮಾತ್ರ ಸೊಟ್ಟ.

ಆ ಬೇಸಿಗೆ ಊರಿನ ಮಾತು ದಪ್ಪವಾಯಿತು.
ನಮ್ಮ ಬೀದಿ, ನಮ್ಮ ನಾಯಿ ಎಂದು
ಬರಿಗಾಲಲ್ಲಿ ಓಡಾಡಿಕೊಂಡಿದ್ದ 'ನಮ್ಮ' ಎಂಬ ಪದ
ಲಾಳ ಹೊಡೆಸಿಕೊಂಡಿತು.
ಬೇಕರಿಯ ತಿಹೊಮಿರ್, ಅವಳೇ ಈಜು ಕಲಿಸಿದ ಹುಡುಗ,
ಹೊಸ ಟೋಪಿ, ಹೊಸ ಗಂಟಲು ಹೊತ್ತು ಬಂದ.
ಹಿಂದೆ ಆರು ಜನ, ಮೂರು ಡಬ್ಬಿ ಬಣ್ಣ.
"ಇದು ನಮ್ಮ ನದಿ. ಕಂಬವೂ ಅದನ್ನೇ ಹೇಳಲಿ."
ಸೊಂಟಮಟ್ಟ ನೀರಿಗಿಳಿದು
ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ನೀಲಿ.
ಮುನ್ನೂರು, ಇನ್ನೂರು, ನೂರು,
ಒಂದೊಂದಾಗಿ ಅಂಕಿಗಳು ಕಣ್ಣು ಮುಚ್ಚಿದವು.
ಚೆಂದವಿತ್ತು, ಸುಳ್ಳು ಹೇಳಲಾರೆ. ನಾನೂ ಚಪ್ಪಾಳೆ ತಟ್ಟಿದೆ,
ನನಗಾಗ ಒಂಬತ್ತು.

"ಎಷ್ಟಿದೆ ಈಗ ನೀರು?" ಎಂದಳು ಯೆಲ್ಕಾ.
"ನಮ್ಮದಿದೆ" ಎಂದ ಅವನು.
"ಯಾರದೆಂದು ಕೇಳಲಿಲ್ಲ. ಎಷ್ಟೆಂದು ಕೇಳಿದೆ."
"ನಿನಗೆ ದೇಶದ ಮೇಲೆ ಪ್ರೀತಿಯಿಲ್ಲ, ಯೆಲ್ಕಾ ಅತ್ತೆ."
ಅವಳು ಬೂಟಿನ ಕೆಸರನ್ನು ಕಲ್ಲಿಗೆ ಬಡಿದಳು.
"ಹೆತ್ತವಳಿಗೆ ಹೆಗ್ಗಣ ಮುದ್ದು, ಗೊತ್ತಪ್ಪ.
ನನಗೂ ಈ ರಾಡಿ ನೀರು ಮುದ್ದೇ.
ಅದಕ್ಕೆಂದು ಪಕ್ಕದ ಮನೆಯ ಕೂಸನ್ನು ಹೆಗ್ಗಣ ಅನ್ನಬೇಕೆ?"

ಅವರು ನಕ್ಕರೋ ಉಗಿದರೋ ನೆನಪಿಲ್ಲ.

ನವೆಂಬರಿನಲ್ಲಿ ಮೇಲ್ಗಡೆ ಬೆಟ್ಟಗಳಲ್ಲಿ ಮಳೆ ಹಿಡಿಯಿತು.
ಬೆಟ್ಟ ಬೇರೆ ದೇಶದ್ದು. ಮಳೆ ಯಾರದೂ ಅಲ್ಲ.
ಕತ್ತಲಲ್ಲಿ ನೀಲಿ ಮುಳುಗಿತು, ಬಿಳಿ ಮುಳುಗಿತು.
ಕೆಂಪಿನ ತುದಿಗೆ ಟಾರ್ಚು ಬಿಟ್ಟು ನೋಡಿ
ಬಾವುಟ ಇನ್ನೂ ನಿಂತಿದೆ ಎಂದು
ಕಾವಲಿನವನು ನಿದ್ದೆಹೋದ.

ಬಣ್ಣ ಬಳಿದ ಸಂಜೆಯೇ ಯೆಲ್ಕಾ
ಹಿತ್ತಿಲಿಂದ ನದಿಗಿಳಿವ ಮೆಟ್ಟಿಲ ಕಲ್ಲಿಗೆ
ಮೊಳೆಯಿಂದ ಗೀರಿಟ್ಟಿದ್ದಳು, ತನ್ನ ಲೆಕ್ಕ, ತನ್ನ ಸೊನ್ನೆ.
ನೀರು ನಾಲ್ಕನೆಯ ಗೀರು ಮುಟ್ಟಿದ್ದೇ
ಬಾಣಲೆ ಬಡಿಯುತ್ತ ಬೀದಿಯುದ್ದ ಓಡಿದಳು.
ತಿಹೊಮಿರನ ಬಾಗಿಲನ್ನು ಕಾಲಿಂದ ಒದ್ದಳು.
ಆಮೇಲೆ ದೋಣಿ ಬಿಚ್ಚಿ
ಆಚೆ ದಡಕ್ಕೂ.
ಬಟ್ಟೆ ಒಗೆಯುತ್ತಿದ್ದವಳ ಹೆಸರು ಪಿರೋಷ್ಕಾ ಎಂದು
ನಮಗೆ ತಿಳಿದದ್ದು ಆ ರಾತ್ರಿ.

ಪುಸ್ತಕದ ರಟ್ಟಿನ ಮೇಲೆ ದೇಶದ ಹೆಸರನ್ನು ಹೊಡೆದುಹಾಕಿ
ಹೊಸದನ್ನು ಬರೆದಿದ್ದಾಳೆ, ದುಂಡಗೆ, ಗೌರವದಿಂದ.
ಒಳಗಿನ ಒಂದು ಅಂಕಿಯನ್ನೂ ತಿದ್ದಿಲ್ಲ.

ಈಗ ಬಣ್ಣ ಸುಲಿದಿದೆ. ಬಿಳಿಯ ಅಡಿಯಿಂದ ಒಂದು ಎಂಟು
ಕುಂಟುತ್ತ ಹೊರಬಂದಿದೆ.
ತಿಹೊಮಿರ್ ಬ್ರೆಡ್ ಮಾರುತ್ತಾನೆ. ಎಡಗೈ ಇಲ್ಲ.
ನನ್ನನ್ನು ಕಂಡರೆ ನೀರೆಷ್ಟು ಎಂದು ಕೇಳುತ್ತಾನೆ, ಹೇಳುತ್ತೇನೆ.
ಅದಕ್ಕಿಂತ ಹೆಚ್ಚು ನಾವು ಮಾತಾಡಿಲ್ಲ.

ಬೂಟು ನನಗೆ ಒಂದು ಸೈಜು ದೊಡ್ಡದು.
ದೇಶವನ್ನು ಪ್ರೀತಿಸುತ್ತೀಯಾ ಎಂದರೆ
ಏನನ್ನಬೇಕೋ ಇನ್ನೂ ತಿಳಿಯದು.
ಇವತ್ತು ಇನ್ನೂರ ಮೂವತ್ತೆಂಟು. ಏರುತ್ತಿದೆ.
ಆಚೆ ದಡದಲ್ಲಿ ಯಾರೂ ಇಲ್ಲ,
ಒಣಹಾಕಿದ ಒಂದು ಹಾಸಿಗೆವಸ್ತ್ರ, ಬಿಳಿ.