ಬೆಳ್ಳಿ ಇರುವಲ್ಲಿ ಕತ್ತಲು

ಪಚೂಕದಲ್ಲಿ ಗಾಳಿಗೆ ರಜೆಯಿಲ್ಲ.
ಟಾಕೀಸಿನ ತಗಡು ರಾತ್ರಿಯಿಡೀ ಹಲ್ಲು ಕಡಿಯುತ್ತದೆ.
ನವೆಂಬರ್ ಎರಡು, ಸತ್ತವರ ದಿನ,
ಬೀದಿ ತುಂಬ ಚೆಂಡುಹೂವಿನ ಘಾಟು,
ಕೊನೆಯ ಆಟಕ್ಕೆ ಹನ್ನೊಂದೇ ಜನ.
ಮೇಲಿನ ಗೂಡಿನಲ್ಲಿ ನಾನು ರೀಲು ಏರಿಸುತ್ತೇನೆ.

ಕಪ್ಪು ಬಿಳುಪು. ಎಪ್ಪತ್ತೆರಡು ನಿಮಿಷ.
ಒಂದು ಮಠ, ಒಂದು ಬಾವಿ,
ಬಾವಿಯಿಂದ ಮೇಲೇರುವ ಒಂದು ಕೈ.
ಕಥೆ ಕೇಳಬೇಡಿ, ಕಥೆ ಸವೆದ ಚಪ್ಪಲಿ.
ಆದರೆ ಆ ಕೈ!
ಐದು ಬೆರಳು ಕಲ್ಲಿನಂಚನ್ನು ಹಿಡಿಯುವಷ್ಟರಲ್ಲಿ
ಒಂದು ಸಿಗರೇಟು ಸೇದಿ ಮುಗಿಸಬಹುದು.
ಯಾರೂ ಮುಗಿಸಿದ್ದಿಲ್ಲ.

ಈಗಿನವು ಎಲ್ಲ ತೋರಿಸುತ್ತವೆ, ಕರುಳಿನವರೆಗೆ.
ಇದು ಬಾಗಿಲನ್ನು ಬೆರಳಗಲ ತೆರೆದು
ಸುಮ್ಮನಾಗುತ್ತದೆ.
ಉಳಿದದ್ದನ್ನು ನಮ್ಮ ನಮ್ಮ ಮನೆಯಿಂದ ತರಬೇಕು.

ಅಪ್ಪ ಹೇಳಿಕೊಟ್ಟಿದ್ದ:
ಫಿಲ್ಮಿನಲ್ಲಿ ಕಪ್ಪಗಿರುವುದೆಲ್ಲ ಬೆಳ್ಳಿ ಕಣೋ,
ಬೆಳ್ಳಿ ಇಲ್ಲದ ಕಡೆಯಷ್ಟೇ ಬೆಳಕು ದಾಟುವುದು.
ಈ ಗುಡ್ಡಗಳ ಹೊಟ್ಟೆಯಿಂದಲೇ ಬಂದದ್ದಿರಬಹುದು,
ಯಾರದೋ ಕೆಮ್ಮಿನ ಜೊತೆ.

ಮೂರನೇ ಸಾಲು, ಕಂಬದ ಪಕ್ಕ, ಡೊನ್ಯಾ ರೆಫುಹಿಯೊ.
ಆ ಕೈ ಆಕೆಯದೇ.
ಆಗ ಹತ್ತೊಂಬತ್ತು, ಉಡುಪು ಹೊಲಿಯುವ ಹುಡುಗಿ.
ನಟಿಗೆ ಬಾವಿಯೆಂದರೆ ಭಯ;
ನೀನು ತೆಳ್ಳಗಿದ್ದೀಯ, ಇಳಿ, ಅಂದರಂತೆ.
ರಕ್ತಕ್ಕೆ ಚಾಕಲೇಟಿನ ಪಾಕ,
ಮಂಜಿಗೆ ಒದ್ದೆ ಹುಲ್ಲಿನ ಹೊಗೆ.
"ದೆವ್ವಕ್ಕೆ ಮೂರು ದಿನ ಇರುವೆ ಕಚ್ಚಿದವು," ಎನ್ನುತ್ತಾಳೆ.
ಎಲ್ಲ ಗೊತ್ತಿದ್ದೂ
ಕೈ ಕಂಡೊಡನೆ ಮೊದಲು ಚೀರುವವಳು ಆಕೆಯೇ.
ತನ್ನ ಕೈಗೆ ತಾನೇ.

ಐದನೇ ರೀಲಿನಲ್ಲೊಂದು ತಪ್ಪಿದೆ.
ಸತ್ತ ಸನ್ಯಾಸಿನಿ ನಿಲುಗನ್ನಡಿ ದಾಟುವಾಗ
ಗಾಜಿನಲ್ಲೊಬ್ಬ ಹುಡುಗ
ಭುಜದ ಮೇಲೆ ದೀಪ ಹೊತ್ತು
ಅರೆಬಾಯಿ ತೆರೆದು ನಮ್ಮನ್ನೇ ನೋಡುತ್ತಾನೆ.
ಹದಿನಾರು ಚೌಕ, ಕಣ್ಣು ಮಿಟುಕಿಸಿದರೆ ಇಲ್ಲ.
ಬಲ್ಲವರು ನಗುತ್ತಾರೆ,
ಅರಿಯದವರು ಅವನನ್ನೇ ದೆವ್ವವೆಂದುಕೊಳ್ಳುತ್ತಾರೆ.
ಡೊನ್ಯಾ ಶಾಲು ಸರಿಮಾಡಿಕೊಳ್ಳುತ್ತಾಳೆ.

ಹಸಿಂತೊ. ಬಾವಿಯಿಂದ ಅವಳನ್ನು ಎತ್ತಿದವನು,
ಆಮೇಲೆ ಮದುವೆಯಾದವನು.
ಸಿನೆಮಾ ಕೆಲಸ ನಿಂತಿತು, ಗಣಿಗಿಳಿದ.
ನಾಲ್ಕೇ ವರ್ಷ.

ಹೋದ ಚಳಿಗಾಲ ಅಲ್ಲೇ ಫಿಲ್ಮು ಹರಿಯಿತು.
ಕತ್ತರಿಸಿ ಅಂಟಿಸಿದೆ. ಯಾರಿಗೂ ಹೇಳಲಿಲ್ಲ.

ಆಟ ಮುಗಿದ ಮೇಲೆ ಮೆಟ್ಟಿಲು ಹತ್ತಿ ಬಂದಳು,
ಏದುಸಿರು, ಕೈಯಲ್ಲಿ ಕಾಗದ ಸುತ್ತಿದ ಆಲೂಗಡ್ಡೆ ಪಾಸ್ತೆ.
"ಈ ಸಲ ಬೇಗ ಹೋದ," ಅಂದಳು.

ಅಂಗಿ ಜೇಬಿನಿಂದ ಎರಡು ಚೌಕ ತೆಗೆದುಕೊಟ್ಟೆ.
ಬಲ್ಬಿಗೆ ಹಿಡಿದು ನೋಡಿದಳು,
ಹೆಬ್ಬೆರಳು ತೋರುಬೆರಳಿನ ನಡುವೆ,
ಬಹಳ ಹೊತ್ತು.

"ಮುಖ ಕಪ್ಪಾಗಿಬಿಟ್ಟಿದೆಯಲ್ಲೋ."
ಬೆಳ್ಳಿ, ಅಂದೆ.