ಕೂಲಿ

ನಾನು ಮುಖ ನೋಡುವುದಿಲ್ಲ.
ನನಗೆ ಬರುವುದು ಅಚ್ಚು ಮಾತ್ರ.
ಕಂಕನಾಡಿಯಲ್ಲಿ, ಮೆಡಿಕಲ್ ಶಾಪಿನ ಮೇಲೆ,
ಮೇಣ ಕರಗುವ ವಾಸನೆಯ ಈ ಲ್ಯಾಬಿಗೆ
ಬೈಕಿನ ಹುಡುಗ ಪ್ರೀತೇಶ ದಿನಕ್ಕೆರಡು ಸಲ
ಬಾಯಿಗಳನ್ನು ತಂದು ಸುರಿಯುತ್ತಾನೆ.
ಸುರತ್ಕಲ್ಲಿನ ಬಾಯಿ, ತೊಕ್ಕೊಟ್ಟಿನ ಬಾಯಿ,
ಪೇಪರಿನಲ್ಲಿ ಸುತ್ತಿದ ಬಿ.ಸಿ. ರೋಡಿನ ಬಾಯಿ.
ಬಿಳಿ ಪ್ಲಾಸ್ಟರಿನ ಅಡಿಗೆ ಪೆನ್ಸಿಲಿನಲ್ಲಿ
ಹೆಸರು, ವಯಸ್ಸು, ಬೇಕಾದ ದಿನ.

ಹದಿನಾರು ವರ್ಷವಾಯಿತು. ಈಗೀಗ
ವಯಸ್ಸು ಓದುವ ಮೊದಲೇ ಬೆರಳಿಗೆ ತಿಳಿಯುತ್ತದೆ.

ಏಳು, ಎಂಟು: ಶಾಲೆಯ ಕ್ಯಾಂಪಿನವು.
ಡೆಂಟಲ್ ಕಾಲೇಜಿನ ಬಸ್ಸು ತಲಪಾಡಿಯ ತನಕ ಹೋಗಿ
ಸಾಲಾಗಿ ಬಾಯಿ ತೆರೆಸಿ ನೋಡಿ
ತಲೆಗೊಂದು ಬ್ರಷ್ಷು ಕೊಟ್ಟು ಬರುತ್ತದೆ.
(ಅದು ಮನೆಯಲ್ಲಿ ಮೂವರ ಬ್ರಷ್ಷಾಗುತ್ತದೆ.
ನನಗೆ ಗೊತ್ತು, ಮೂವರಲ್ಲಿ ನಾನು ನಡುವಿನವಳು.)
ಬೇಗ ಬಿದ್ದ ಹಾಲುಹಲ್ಲಿನ ಜಾಗಕ್ಕೆ
ನಾನೊಂದು ತಂತಿ ಬಗ್ಗಿಸಿ ಕೊಡುತ್ತೇನೆ,
ಮುಂದೆ ಬರುವವನಿಗೆಂದು
ಬಸ್ಸಿನ ಸೀಟಿಗೆ ಕರವಸ್ತ್ರ ಎಸೆದ ಹಾಗೆ.

ಹದಿನೈದು: ಕ್ಲಿಪ್ಪಿನ ರಬ್ಬರು ನೇರಳೆಯೇ ಬೇಕು.
ಇಪ್ಪತ್ತಾರು: ಮುಂದಿನ ಒಂದೇ ಹಲ್ಲು,
ಜೊತೆಗೊಂದು ಚೀಟಿ, "ಅರ್ಜೆಂಟ್. ಹದಿನೆಂಟಕ್ಕೆ ನಿಶ್ಚಿತಾರ್ಥ."
ನಲವತ್ತೆರಡು: ದಮ್ಮಾಮಿನಿಂದ ರಜೆಯಲ್ಲಿ ಬಂದ ಇದಿನಬ್ಬ,
ಅಲ್ಲಿ ಒಂದಕ್ಕೆ ಕೊಡುವ ದುಡ್ಡಿಗೆ
ಇಲ್ಲಿ ಐದು ಹಲ್ಲು, ಹದಿನೈದು ದಿನದಲ್ಲಿ.

ಆದರೆ ಮೂವತ್ತು ದಾಟಿದ ಹೆಂಗಸರ ಅಚ್ಚು
ನನ್ನ ಕಪಾಟಿನಲ್ಲಿ ಇಲ್ಲವೆಂದರೂ ಸರಿ.
ಅವರು ಕ್ಲಿನಿಕ್ಕಿನ ಬೆಂಚಿನಲ್ಲೇ ಇರುತ್ತಾರೆ ಮಾರಾಯ್ರೆ,
ಮಗುವಿನ ನೀರಿನ ಬಾಟಲಿ, ಅತ್ತೆಯ ಫೈಲು ಹಿಡಿದುಕೊಂಡು.
ಟೋಕನ್ನು ಅವರದ್ದಲ್ಲ, ಅಷ್ಟೆ.
ಮತ್ತೆ ನನಗೆ ಸಿಗುವುದು ಅರವತ್ತರಲ್ಲಿ,
ಒಂದೂ ಹಲ್ಲಿಲ್ಲದ ನುಣ್ಣನೆಯ ದಿಬ್ಬವಾಗಿ.

ನಮ್ಮಮ್ಮ ತೂತುಹಲ್ಲಿಗೆ ಲವಂಗ ಒತ್ತಿ
ಮೊರ ಮಡಿಲಿಗೆಳೆದು
ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದಳು.
ಕೆನ್ನೆ ಊದಿದ ದಿನ ಆರುನೂರು.
ತುಳುವಿನಲ್ಲಿ ಹಲ್ಲಿಗೆ ನಾವು ಕೂಲಿ ಅನ್ನುವುದು.
ಒಂದನೇ ಕ್ಲಾಸಿನಲ್ಲಿ, ಘಟ್ಟದ ಮೇಲಿನಿಂದ ಬಂದ ಟೀಚರು
ಯಾವುದೋ ಫಾರ್ಮು ತುಂಬುತ್ತಾ ಕೇಳಿದರು:
"ನಿನ್ನ ಅಮ್ಮನಿಗೆ ಕೂಲಿ ಎಷ್ಟು?"
ನಾನು ಕಣ್ಣು ಮುಚ್ಚಿ ಅಮ್ಮ ಆಕಳಿಸುವುದನ್ನು ನೆನೆಸಿ,
ಮೇಲಿನವು, ಕೆಳಗಿನವು ಎಣಿಸಿ,
"ಹತ್ತೊಂಬತ್ತು" ಅಂದೆ.
ಟೀಚರು ಬರೆದುಕೊಂಡರು, ಹತ್ತೊಂಬತ್ತು ರೂಪಾಯಿ.
ಹೆಚ್ಚುಕಡಿಮೆ ಅಷ್ಟೇ ಇತ್ತು.

ಕೂಲಿ ತೋರಿಸಲು ಪೇಟೆಗೆ ಹೋದರೆ
ಅವತ್ತಿನ ಕೂಲಿ ಇಲ್ಲ.
ಹಾಗೆ, ಒಂದನ್ನು ಉಳಿಸಲು ಒಂದನ್ನು ಬಿಟ್ಟು
ಎರಡೂ ಮುಗಿದವು ಅವಳಿಗೆ, ಐವತ್ತೆಂಟರಲ್ಲಿ.

ಅವಳ ಸೆಟ್ಟು ನಾನೇ ಮಾಡಿದ್ದು.
ಮೊದಲ ದಿನ ಕೋರಿರೊಟ್ಟಿಯನ್ನು ಸಾರಿಗೆ ನೆನೆಹಾಕದೆ
ಒಣಗಿದ್ದನ್ನೇ ಕಟುಂ ಎಂದು ಕಡಿದು
ಸದ್ದಿಗೆ ತಾನೇ ಬೆಚ್ಚಿದಳು.
ಈಗ ಮದುವೆಗೆ, ಬ್ಯಾಂಕಿಗೆ ಮಾತ್ರ ಹಾಕುತ್ತಾಳೆ.
ಉಳಿದ ದಿನ ಹಾರ್ಲಿಕ್ಸ್ ಬಾಟಲಿಯ ನೀರಿನಲ್ಲಿ
ಅದು ತನ್ನಷ್ಟಕ್ಕೆ ನಗುತ್ತಿರುತ್ತದೆ.

ನಿನ್ನೆ ಪ್ರೀತೇಶನ ಡಬ್ಬಿಯಲ್ಲಿ ಒಂದು ಅಚ್ಚು:
ವಾರಿಜಾಕ್ಷಿ, 38, ಗುರುವಾರದೊಳಗೆ.
ಮತ್ತೊಮ್ಮೆ ಓದಿದೆ. ಮೂವತ್ತೆಂಟೇ.
ಹೋಗಿರುವುದು ಒಂದೇ, ಅಕ್ಕಪಕ್ಕದವು ಗಟ್ಟಿ.
ಯಾರು ಕಳುಹಿಸಿದರೋ,
ಮೊರ ಯಾರ ಮಡಿಲಿಗೆ ಕೊಟ್ಟು ಬಂದಳೋ,
ಇಲ್ಲ ಸುಮ್ಮನೆ ಒಬ್ಬಳೇ ಎದ್ದು ಬಸ್ಸು ಹತ್ತಿದಳೋ.
ಪ್ಲಾಸ್ಟರಿನ ಧೂಳು ಊದಿ, ದೀಪದ ಕೆಳಗಿಟ್ಟು
ಅವಳದೇ ಬಣ್ಣದ ಹಲ್ಲಿಗೆ ಹುಡುಕತೊಡಗಿದೆ,
ತೀರಾ ಬಿಳಿಯಲ್ಲ, ಚಾ ಕುಡಿದವರ ಬಣ್ಣ.

ನನಗೆ ನಲವತ್ತೊಂದು.
ಹುಡುಕುತ್ತಿದ್ದ ಹಾಗೆ ನಾಲಿಗೆ ತಾನಾಗಿ
ಎಡಗಡೆ ಕೆಳಗಿನ ತೂತಿಗೆ ಹೋಯಿತು.
ಬೆಳಿಗ್ಗೆ ಇಟ್ಟ ಲವಂಗ
ಇನ್ನೂ ಖಾರ ಉಂಟು.