ಪಟ್ಟಿಯಲ್ಲಿಲ್ಲ

ನೀಡಲ್ಸ್ ಊರು, ಪ್ರೂಯಿಟ್‌ನ ಅಂಗಡಿ.
ವರ್ನೀಸ್ ಕೇಳಿದಳು:
"ಹೊಳೆಯಾಚೆ ತಂಗಿಯ ಬಳಿ ಇರುವಂಥದ್ದೇ ಪಿಸ್ತೂಲು ಬೇಕು.
ಹಿಡಿ ಸಣ್ಣದು, ನನ್ನ ಸೊಟ್ಟ ಬೆರಳಿಗೆ ಒಗ್ಗುತ್ತದೆ."

ಬೆರಳಿಗೆ ಎಂಜಲು ಹಚ್ಚಿ ಅವನು
ಸರ್ಕಾರದ ಪಟ್ಟಿ ತಿರುವಿದ, ತಿರುವಿದ.
"ಇದರಣ್ಣ ಇದ್ದಾನೆ. ತಮ್ಮನಿಲ್ಲ.
ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಹುಟ್ಟೇ ಇಲ್ಲ ಅಂದ್ಕೊ."

ಸೇತುವೆ ದಾಟಿದರೆ ಅರಿಜೋನಾ,
ರೇಡಿಯೋದ ಒಂದು ಜಾಹೀರಾತು ಮುಗಿಯುವಷ್ಟು ದೂರ.
ಅಲ್ಲಿ ಅದು ಬಾಗಿಲಲ್ಲೇ ಮಿನುಗುತ್ತಿತ್ತು.
ಹುಡುಗ ಅವಳ ಲೈಸೆನ್ಸ್ ಓದಿ
ಮೆಲ್ಲಗೆ ಗಾಜಿನೊಳಗೆ ಹಿಂದಕ್ಕಿಟ್ಟ,
ಮಗುವಿನ ಕೈಗೆಟುಕದಂತೆ ಬಿಸಿ ಪಾತ್ರೆ ಸರಿಸಿದ ಹಾಗೆ.

ಮರಳುವಾಗ ಸೇತುವೆಯ ನಡುವೆ ಕಾರು ನಿಧಾನಿಸಿದಳು.
ಕೆಳಗೆ ಕೊಲೊರಾಡೊ
ಎರಡೂ ದಡ ನೆಕ್ಕುತ್ತ, ಯಾರನ್ನೂ ಕೇಳದೆ.

ರಾತ್ರಿ ಹಿಂಬಾಗಿಲಿಗೆ
ಎಂದಿನಂತೆ ಕುರ್ಚಿ ಒತ್ತಿಟ್ಟಳು.
ಅದರ ಒಂದು ಕಾಲು ಕುಂಟು.